ಕೊರಳಿನ ಕಾಯಕ
(ನಂಗಲಿಯ ಭಕ್ತಮಂಡಲಿಯ ಸಭೆಯಲ್ಲಿ ಮಾಡಿದ ಭಾಷಣ)

ನಾನು ಸಂಗೀತಗಾರನಲ್ಲ, ಪಾಠಶಾಲೆಯಲ್ಲಿ ವ್ಯಾಕರಣವನ್ನು ಓದಿದವನು. ಶ್ರುತಿ ತಪ್ಪಿದರೆ ಕಿವಿಗೆ ತಿಳಿಯುವುದೇ ಹೊರತು ಹಾಡಲು ಬಾರದು. ಆದರೂ ಹಾಡುವವರ ಅನ್ನದ ವಿಚಾರವಾಗಿ ಮಾತನಾಡಲು ಹಾಡು ಬರಬೇಕೆಂಬ ನಿಯಮವಿಲ್ಲವೆಂದು ಧೈರ್ಯಮಾಡಿದ್ದೇನೆ.

ಈ ನಂಗಲಿಯು ಪೂರ್ವಕಾಲದಿಂದಲೂ ಗಡಿಯ ಸ್ಥಳವಾಗಿರುವುದು. ಹೊಯ್ಸಳ ವಿಷ್ಣುವರ್ಧನನ ರಾಜ್ಯಕ್ಕೆ ನಂಗಲಿಯ ಘಟ್ಟವೇ ಮೂಡಣ ಮೇರೆಯೆಂದು ಶಾಸನಗಳು ಹೇಳುತ್ತವೆ. ಇಂದಿಗೂ ಹೆದ್ದಾರಿಯ ಬಂಡಿಗಳು ಇಲ್ಲಿ ಸುಂಕ ಕೊಟ್ಟು ಮುಂದೆ ಸಾಗುತ್ತವೆ. ಆದರೆ ಹಾಡಿಗೆ ಇಲ್ಲಿ ಎಂದೂ ಸುಂಕದ ಕಟ್ಟೆಯಿರಲಿಲ್ಲ. ಕೈವಾರದ ನಾರೇಯಣ ತಾತಯ್ಯನವರ ತತ್ತ್ವಪದಗಳು ಕೆಲವು ತೆಲುಗಿನಲ್ಲಿ, ಕೆಲವು ಕನ್ನಡದಲ್ಲಿ, ಏಕತಾರಿಯ ನಾದದೊಡನೆ ಗಡಿಯ ಈಚೆಗೂ ಆಚೆಗೂ ನಡೆದುವು. ಈಗ ಅಂತಹ ಹಾಡುಗಳೇ ಕೈಯೊಳಗಿನ ದೂರವಾಣಿಯನ್ನು ಸೇರಿ ಲೋಕವನ್ನು ಸುತ್ತುತ್ತಿವೆ. ಈ ಹೊಸ ದಾರಿಯಲ್ಲಿ ಸುಂಕದ ಕಟ್ಟೆಗಳು ಬಹಳ; ಅಲ್ಲಿ ಕೂಡಿದ ಹಣದಲ್ಲಿ ಹಾಡಿದವನ ಕೈಸೇರುವುದು ಮಾತ್ರ ಅತ್ಯಲ್ಪ.

ಭಾರತದಲ್ಲಿ ಗ್ರಾಮಾಫೋನಿನ ಧ್ವನಿಮುದ್ರಣವು 1902ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾಯಿತು. ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಗಾನ. ಗಂಟೆಗಟ್ಟಲೆ ವಿಸ್ತರಿಸುವ ರಾಗವನ್ನು ಆ ಗಿಂಡಿಯೊಳಗೆ ತುಂಬಬೇಕಾಯಿತು. ಮಲ್ಲಿಕಾರ್ಜುನ ಮನಸೂರರಂತಹ ಮಹಾಗಾಯಕರೂ ತಾರುಣ್ಯದಲ್ಲಿ ಅಂತಹ ತಟ್ಟೆಗಳಿಗೆ ಹಾಡಿದವರೇ. ಕನ್ನಡ ಚಲನಚಿತ್ರದ ಹಾಡುಗಳಂತೂ ಬಹುಕಾಲ ಮದರಾಸಿನಲ್ಲಿಯೇ ಮುದ್ರಣವಾಗುತ್ತಿದ್ದುವು. ಯಂತ್ರವಿರುವ ಊರಿಗೆ ಕೊರಳು ಹೋಗಬೇಕಾಗಿದ್ದ ಕಾಲವದು. ಈಗ ಯಂತ್ರವೇ ಕೊರಳಿದ್ದಲ್ಲಿಗೆ ಬಂದಿದೆ. ಈ ಹಳ್ಳಿಯ ಹುಡುಗನು ಜಗಲಿಯಲ್ಲಿ ಕುಳಿತು ಹಾಡಿದುದನ್ನು ಅಮೆರಿಕೆಯ ಕನ್ನಡಿಗನು ಅದೇ ದಿನ ಕೇಳಬಲ್ಲನು. ಇದನ್ನು ನಾನು ಸಣ್ಣ ಲಾಭವೆನ್ನಲಾರೆ. ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರ ತಮಟೆಗೆ 2023ರಲ್ಲಿ ಪದ್ಮಶ್ರೀ ಬಂದುದನ್ನು ತಾವೆಲ್ಲರೂ ಬಲ್ಲಿರಿ. ನಮ್ಮ ಸೀಮೆಯ ನಾದಕ್ಕೆ ಕಿವಿಗೊಡುವವರು ಇದ್ದಾರೆ.

ಇನ್ನು ಕಷ್ಟದ ಮಾತು. ಮುಳಬಾಗಿಲು ಕಡೆಯ ವೃದ್ಧರೊಬ್ಬರು ಕ್ಯಾಸೆಟ್ಟಿನ ಕಾಲದಲ್ಲಿ ಒಂದು ಸಂಸ್ಥೆಗೆ ವಚನಗಳನ್ನು ಹಾಡಿಕೊಟ್ಟರು. ಒಂದೇ ಸಲಕ್ಕೆ ಒಂದಿಷ್ಟು ಹಣ, ಇಂಗ್ಲಿಷಿನ ಒಂದು ಕಾಗದಕ್ಕೆ ರುಜು. ಅಲ್ಲಿಗೆ ಋಣ ಹರಿಯಿತು. ಅದೇ ಧ್ವನಿಯನ್ನು ನಾವು ವರ್ಷಗಟ್ಟಲೆ ಪ್ರಾತಃಕಾಲದಲ್ಲಿ ಮಠದ ಧ್ವನಿವರ್ಧಕದಲ್ಲಿ ಕೇಳಿದೆವು. ಒಂದು ದಿನ ಅವರು ದಾಸೋಹದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತು, “ಸ್ವಾಮೀ, ಅದು ನನ್ನ ಕೊರಳು” ಎಂದರು. ಬಡಿಸುತ್ತಿದ್ದ ಹುಡುಗನು ನಕ್ಕನು. ನಾನೂ ಮೊದಲು ನಂಬಲಿಲ್ಲ. ಅವರು ಅಲ್ಲಿಯೇ ಒಂದು ಸಾಲನ್ನು ಎತ್ತಿದ ಮೇಲೆ ನಂಬಿದೆನು. ಸಂಸ್ಥೆಯನ್ನು ದೂರುವುದು ಸುಲಭ. ಅಷ್ಟು ವರ್ಷ ಅವರ ಹೆಸರನ್ನು ಕೇಳದೆ ಇದ್ದವರು ನಾವು.

ಮತ್ತೊಂದು ವಿಪರ್ಯಾಸವನ್ನು ಕೇಳಿರಿ. ನಮ್ಮ ಪಾಠಶಾಲೆಯ ಮಕ್ಕಳು ಗುರುಪರಂಪರೆಯಿಂದ ಬಂದ ಮಟ್ಟಿನಲ್ಲಿ ಒಂದು ವಚನವನ್ನು ಹಾಡಿ ಅಂತರ್ಜಾಲದಲ್ಲಿ ಪ್ರಕಟಿಸಿದರು. ಕೆಲವೇ ದಿನಗಳಲ್ಲಿ ಯಾವುದೋ ಸಂಸ್ಥೆಯು ಅದು ತನ್ನ ಸ್ವತ್ತೆಂದು ಸಾಧಿಸಿತು! ಸ್ವರಗಳ ಹೋಲಿಕೆಯನ್ನು ನೋಡುವ ಯಂತ್ರಕ್ಕೆ ಪರಂಪರೆ ತಿಳಿಯದು. “ಅಣ್ಣನವರ ವಚನವನ್ನು ಕೊಂಡುಕೊಂಡವರು ಯಾರು?” ಎಂದು ಒಬ್ಬ ಬಾಲಕನು ಕೇಳಿದನು. ನಾವು ಬರೆದುಕೊಂಡ ತರುವಾಯ ಆ ತಕರಾರು ತೀರಿತು.

ಬಾಲಕನಿಗೆ ನಾನು ಕೊಟ್ಟ ಉತ್ತರವಿಷ್ಟು: ಹನ್ನೆರಡನೆಯ ಶತಮಾನದ ವಚನದ ಮಾತು ಯಾರೊಬ್ಬರ ಸ್ವತ್ತೂ ಅಲ್ಲ, ಹೊಸದಾಗಿ ಕಟ್ಟಿದ ಮಟ್ಟು ಕಟ್ಟಿದವನದು, ಮುದ್ರಿಕೆಯು ಸಾಮಾನ್ಯವಾಗಿ ಅದನ್ನು ಮಾಡಿಸಿದವನದು, ಅದೂ ಪ್ರಕಟವಾದ 60 ವರ್ಷಗಳ ಪರ್ಯಂತ. ಹಾಡಿದವನ ಪಾಲೆಷ್ಟು? 1957ರ ಕೃತಿಸ್ವಾಮ್ಯ ಶಾಸನದಲ್ಲಿ ಮೊದಲು ಅವನಿಗೆ ಸ್ಥಾನವೇ ಇರಲಿಲ್ಲ. 1994ರ ತಿದ್ದುಪಡಿಯಿಂದ ಹಾಡುವವನಿಗೂ ಬಾರಿಸುವವನಿಗೂ ಹಕ್ಕುಂಟಾಯಿತು. 2012ರ ತಿದ್ದುಪಡಿಯು ಅವರ ಗಾನವನ್ನು ವ್ಯಾಪಾರಕ್ಕೆ ಬಳಸಿದರೆ ರಾಯಧನ ಸಲ್ಲಬೇಕೆಂದು ವಿಧಿಸಿತು. ಶಾಸನವೇನೋ ಉಂಟು. ಓದದೆ ರುಜು ಹಾಕುವವನಿಗೆ ಅದರಿಂದ ಏನು ಪ್ರಯೋಜನ?

ಹಾನಗಲ್ಲ ಕುಮಾರ ಸ್ವಾಮಿಗಳು ಅಂಧಬಾಲಕನೊಬ್ಬನಿಗೆ ಆಶ್ರಯವಿತ್ತು ಸಂಗೀತವನ್ನು ಕಲಿಸಿದರು. ಆತನೇ ಪಂಚಾಕ್ಷರಿ ಗವಾಯಿಗಳಾಗಿ (1892–1944), ನಾಟಕದ ಕಂಪೆನಿಯನ್ನು ನಡೆಸಿ ಶಿಷ್ಯರನ್ನು ಸಾಕಿ, ಪುಟ್ಟರಾಜ ಗವಾಯಿಗಳನ್ನೂ ಬಸವರಾಜ ರಾಜಗುರುಗಳನ್ನೂ ನಾಡಿಗೆ ಕೊಟ್ಟರು. ಅವರ ಹೆಸರನ್ನು ಹೇಳಿಕೊಳ್ಳುವ ನಾವು, ಉತ್ಸವದಲ್ಲಿ ವಿದ್ಯುದ್ದೀಪದವನಿಗೆ ಮುಂಗಡ ಕೊಟ್ಟು, ಹಾಡಿದವನಿಗೆ ಶಾಲು ಹೊದಿಸಿ ಕಳುಹಿಸುತ್ತೇವೆ. ಕಾಯಕವೆಂದು ಹಾಡನ್ನು ಹೊಗಳಿದ ಮೇಲೆ ಕಾಯಕದ ಪ್ರತಿಫಲವನ್ನು ಕೊಡದಿರುವುದು ಯಾವ ನ್ಯಾಯ?

ಶ್ರೀಗಳವರ ಅಪ್ಪಣೆಯಂತೆ ಒಂದು ಕರಾರುಪತ್ರವನ್ನು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಬರೆಯಿಸಿ ಮಠದ ಕಚೇರಿಯಲ್ಲಿ ಇರಿಸಿದೆ. ಯಾವ ಸಂಸ್ಥೆಯಾದರೂ ರುಜುವಿಗೆ ಕಾಗದ ತಂದರೆ, ಗಾಯಕರು ಅದನ್ನು ಮೊದಲು ಇಲ್ಲಿಗೆ ತಂದು ಓದಿಸಿಕೊಳ್ಳಬಹುದು. ಈ ರಾತ್ರಿ ಆ ವೃದ್ಧರು ನಮ್ಮೆದುರಿಗೆ ಹಾಡಲಿರುವರು. ಅವರ ಸಂಭಾವನೆಯು ಈಗಾಗಲೇ ಸಂದಿದೆ. ದೂರವಾಣಿಯಲ್ಲಿ ಮುದ್ರಿಸಿಕೊಳ್ಳುವವರು ಮೊದಲು ಅವರ ಅನುಮತಿಯನ್ನು ಕೇಳಿ, ಹಂಚುವಾಗ ಅವರ ಹೆಸರನ್ನು ಬರೆಯಬೇಕಾಗಿ ಪ್ರಾರ್ಥನೆ.