ಬಲ್ಬು ಬೆಳಗದಿದ್ದಾಗ

 

ನಿಕೋಲಾ ಟೆಸ್ಲಾ ದಾರಿ ತೋರಿದ ಪರ್ಯಾಯ ವಿದ್ಯುತ್ತೇ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಅದೇ ಟೆಸ್ಲಾ 1891ರಲ್ಲಿ ಮಾಡಿದ ಸುರುಳಿಯ ಚಿಕ್ಕ ರೂಪವನ್ನು ನಮ್ಮ ವಡಗೇರಾದಲ್ಲೂ ಮಾಡಬಹುದು.

ಪಿವಿಸಿ ಪೈಪಿನ ತುಂಡಿಗೆ ತೆಳು ಎನಾಮಲ್ ತಂತಿಯನ್ನು ಸುಮಾರು 300 ಸುತ್ತು ಸುತ್ತಿ. ಈ ತಂತಿ ಪಂಪ್‌ಸೆಟ್ ಮೋಟಾರ್ ರಿಪೇರಿ ಅಂಗಡಿಯಲ್ಲಿ ಸಿಗುತ್ತದೆ. ಬುಡದಲ್ಲಿ ದಪ್ಪ ತಂತಿ 3 ಸುತ್ತು. ಜೊತೆಗೆ 2ಎನ್2222 ಟ್ರಾನ್ಸಿಸ್ಟರ್, 22 ಕಿಲೋಓಮ್ ರೆಸಿಸ್ಟರ್, 9 ವೋಲ್ಟ್ ಬ್ಯಾಟರಿ. ಹತ್ತಿರ ಹಿಡಿದ ಸಿಎಫ್‌ಎಲ್ ಬಲ್ಬು ತಂತಿಯಿಲ್ಲದೆ ಬೆಳಗುತ್ತದೆ.

ಬೆಳಗದಿದ್ದರೆ? "ನಮ್ಮಂಥವರಿಗೆ ಇದು ಬರೂದಿಲ್ಲ" ಎಂದು ಎದ್ದು ಹೋಗಬೇಡಿ. ತಂತಿಯ ತುದಿಯ ಎನಾಮಲ್ ಪೂರ್ತಿ ಕೆರೆದಿದೆಯೇ ನೋಡಿ. ಟ್ರಾನ್ಸಿಸ್ಟರಿನ ಕಾಲುಗಳ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ ಇರಬಹುದು, ಪರೀಕ್ಷಿಸಿ. ಎರಡೂ ಸರಿಯಿದ್ದರೆ ದಪ್ಪ ತಂತಿಯ ಎರಡು ತುದಿಗಳನ್ನು ಅದಲುಬದಲು ಮಾಡಿ. ಪಂಚಮಿ ಜೋಕಾಲಿಯನ್ನು ಎದುರಿನಿಂದ ತಡೆದರೆ ಅದು ಜೀಕುವುದಿಲ್ಲ, ಸುರುಳಿಯೂ ಹಾಗೆಯೇ. ಟ್ರಾನ್ಸಿಸ್ಟರ್ ಬಹಳ ಕಾದರೆ ಬ್ಯಾಟರಿ ತೆಗೆಯಿರಿ. ಮುಂದೆ ಹೀಟ್‌ಸಿಂಕ್ ಕೂಡಿಸಬಹುದಾದ ದೊಡ್ಡದನ್ನು ಹಾಕಿ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ನೋಟ್‌ಬುಕ್ಕಿನಲ್ಲಿ ಬರೆದಿಡಿ. ಎರಡನ್ನು ಒಟ್ಟಿಗೆ ಬದಲಿಸಿದರೆ, ಬಲ್ಬು ಬೆಳಗಿದರೂ ಯಾಕೆ ಬೆಳಗಿತೆಂದು ತಿಳಿಯುವುದಿಲ್ಲ. ನಾನು ಸಾಫ್ಟ್‌ವೇರಿನಲ್ಲಿ ದೋಷ ಹುಡುಕುವುದೂ ಹೀಗೆಯೇ. ಅದಕ್ಕೆ ದೊಡ್ಡ ಲ್ಯಾಬು ಬೇಕಿಲ್ಲ, ತಾಳ್ಮೆ ಬೇಕು.

ಒಂದು ಮಾತು ಮಾತ್ರ ಮರೆಯಬೇಡಿ: ಗೋಡೆಯ 230 ವೋಲ್ಟ್ ಪ್ಲಗ್ಗಿಗೆ ಇದನ್ನು ಎಂದೂ ಜೋಡಿಸಬಾರದು. ವಿಜ್ಞಾನದ ಗುರುಗಳನ್ನು ಪಕ್ಕಕ್ಕೆ ಕರೆದುಕೊಂಡೇ ಕೆಲಸ ಶುರು ಮಾಡಿ.