ಫ್ರಾಂಚೈಸಿ ವ್ಯಾಪಾರ ಮತ್ತು ಸಾಮಾಜಿಕ ಜಾಲತಾಣ
(ಮೇಲೂರಿನಲ್ಲಿ ನಡೆದ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)

 

ವಿದ್ಯೆಯ ಬಗ್ಗೆ ಮಾತನಾಡಬೇಕಾದ ಈ ವೇದಿಕೆಯಲ್ಲಿ ವ್ಯಾಪಾರದ ವಿಷಯವೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಕಾರಣವಿದೆ. ನಮ್ಮಲ್ಲಿ ಪಿಯುಸಿ, ಬಿಕಾಂ ಮುಗಿಸಿದ ಹುಡುಗರು ಮನೆಗೆ ಬಂದು ಮೊಬೈಲ್ ತೋರಿಸಿ, "ಮಾಮು, ಈ ಕಂಪನಿಯ ಫ್ರಾಂಚೈಸಿ ಸಿಗುತ್ತದಂತೆ, ತೆಗೆದುಕೊಳ್ಳಲೇ?" ಎಂದು ಕೇಳುತ್ತಾರೆ. ತೆಗೆದುಕೊಂಡವರು ಬಂದು, "ಫೇಸ್‌ಬುಕ್‌ನಲ್ಲಿ ಹಾಕಿದ್ದೇನೆ, ಆದರೂ ಗಿರಾಕಿ ಬರುತ್ತಿಲ್ಲ" ಎನ್ನುತ್ತಾರೆ. ಈ ಎರಡೂ ಪ್ರಶ್ನೆಗಳ ಹಿಂದೆ ತಾಯಿಯ ಒಡವೆ ಇದೆ, ತಂದೆಯ ಉಳಿತಾಯ ಇದೆ. ಆದ್ದರಿಂದ ಇದು ವಿದ್ಯೆಯ ವಿಷಯವೇ.

ನಮಗೆ ಪರಿಚಿತವಾದ ಒಂದು ದೃಶ್ಯದಿಂದ ಆರಂಭಿಸುತ್ತೇನೆ. ಮೇಲೂರಿನ ಸುತ್ತಮುತ್ತಲಿನ ರೈತರು ರೇಷ್ಮೆಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ಯುತ್ತಾರೆ. ಅಲ್ಲಿ ಈಗ ಹರಾಜು ಕಂಪ್ಯೂಟರ್ ಮೂಲಕ ನಡೆಯುತ್ತದೆ. ಆದರೂ ಅನುಭವಿ ರೀಲರ್ ಮೊದಲು ರಾಶಿಯೊಳಗೆ ಕೈ ಹಾಕಿ, ತಳದ ಗೂಡನ್ನು ಮೇಲೆ ತೆಗೆದು ನೋಡದೆ ಬೆಲೆ ಹೇಳುವುದಿಲ್ಲ. ಪ್ರವಾದಿ ಮುಹಮ್ಮದ್ (ಸ) ರವರೂ ಒಮ್ಮೆ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದರು. ಮೇಲೆ ಒಣಗಿತ್ತು, ಒಳಗೆ ತೇವವಿತ್ತು. ಮಳೆಯಲ್ಲಿ ನೆನೆಯಿತು ಎಂದು ವ್ಯಾಪಾರಿ ಹೇಳಿದಾಗ, ಜನರಿಗೆ ಕಾಣುವಂತೆ ಅದನ್ನೇ ಮೇಲೆ ಏಕೆ ಇಡಲಿಲ್ಲ ಎಂದು ಕೇಳಿ, ಮೋಸ ಮಾಡುವವನು ನಮ್ಮವನಲ್ಲ ಎಂದು ಎಚ್ಚರಿಸಿದರು. ಜಾಲತಾಣದ ಫೋಟೋ ಎಂದರೆ ರಾಶಿಯ ಮೇಲ್ಭಾಗ. ಕೊಳ್ಳುವಾಗ ನೀವು ಒಳಗೆ ಕೈ ಹಾಕಿ ನೋಡಬೇಕು. ಮಾರುವಾಗ ನಿಮ್ಮ ಗಿರಾಕಿ ಒಳಗೆ ಕೈ ಹಾಕಿದರೂ ಅದೇ ಸರಕು ಸಿಗಬೇಕು. ನನ್ನ ಇಂದಿನ ಮಾತಿನ ಸಾರ ಇಷ್ಟೇ. ಉಳಿದದ್ದು ಅದರ ವಿವರಣೆ.

ಫ್ರಾಂಚೈಸಿ ಎಂದರೇನು? ಒಂದು ಕಂಪನಿಯ ಹೆಸರು, ಗುರುತು ಮತ್ತು ಕೆಲಸದ ಪದ್ಧತಿಯನ್ನು ಕರಾರಿನ ಮೇಲೆ ಪಡೆದು, ನಮ್ಮ ಹಣ, ನಮ್ಮ ದುಡಿಮೆಯಿಂದ ಅಂಗಡಿ ನಡೆಸುವುದು. ಹೆಸರನ್ನು ಬಾಡಿಗೆಗೆ ಪಡೆಯುವುದು ಎಂದರೂ ಸರಿಯೇ. ಮುಲ್ಕಿಯ ಕಡೆಯ ಹಣ್ಣಿನ ವ್ಯಾಪಾರಿಯೊಬ್ಬರ ಮಗ ರಘುನಂದನ ಕಾಮತ್‌ರವರು 1984ರಲ್ಲಿ ಮುಂಬಯಿಯ ಜುಹುವಿನಲ್ಲಿ 'ನ್ಯಾಚುರಲ್ಸ್' ಎಂಬ ಐಸ್‌ಕ್ರೀಂ ಅಂಗಡಿ ತೆರೆದರು. ತಂದೆಯ ಜೊತೆ ಕಲಿತ ಹಣ್ಣಿನ ಪರೀಕ್ಷೆಯೇ ಅವರ ಬಂಡವಾಳ. ಅವರು 2024ರಲ್ಲಿ ತೀರಿಕೊಳ್ಳುವ ವೇಳೆಗೆ ಆ ಹೆಸರು ನೂರಕ್ಕೂ ಹೆಚ್ಚು ಮಳಿಗೆಗಳಲ್ಲಿತ್ತು. ಅವುಗಳಲ್ಲಿ ಬಹುಪಾಲು ಬೇರೆಯವರು ಫ್ರಾಂಚೈಸಿಯಾಗಿ ನಡೆಸುವಂಥವು. ಹೆಸರನ್ನು ಕಟ್ಟಿದವರು ಒಬ್ಬರು, ದಿನವೂ ಬಾಗಿಲು ತೆಗೆಯುವವರು ಮತ್ತೊಬ್ಬರು. ಒಂದು ಮಳಿಗೆಯಲ್ಲಿ ಕೆಟ್ಟ ಪದಾರ್ಥ ಕೊಟ್ಟರೆ ಎಲ್ಲರ ಹೆಸರೂ ಕೆಡುತ್ತದೆ.

ಮೊದಲನೆಯದಾಗಿ, ಫ್ರಾಂಚೈಸಿ ಪಡೆಯುವ ಮುನ್ನ. ಜಾಲತಾಣದಲ್ಲಿ ನೀವು ಮಾರುವ ಮೊದಲು, ಅಲ್ಲಿ ನಿಮಗೇ ಮಾರುವವರು ಕಾದಿರುತ್ತಾರೆ. "ಇಷ್ಟು ಹಣ ಹಾಕಿ, ತಿಂಗಳಿಗೆ ಇಷ್ಟು ಲಾಭ ಖಚಿತ" ಎಂಬ ಜಾಹೀರಾತು ಕಂಡರೆ ಅಲ್ಲೇ ನಿಲ್ಲಿ. ಲಾಭ ಖಚಿತ ಎನ್ನುವವನು ವ್ಯಾಪಾರಿಯಲ್ಲ. ಅಮುಲ್ ಹೆಸರಿನಲ್ಲಿ ನಕಲಿ ಜಾಲತಾಣಗಳನ್ನು ತೆರೆದು, ಫ್ರಾಂಚೈಸಿ ಕೊಡುತ್ತೇವೆಂದು ಜನರಿಂದ ಹಣ ಕಿತ್ತ ಪ್ರಕರಣ 2020ರಲ್ಲಿ ದೆಹಲಿ ಹೈಕೋರ್ಟಿನವರೆಗೂ ಹೋಯಿತು. ಅಷ್ಟು ದೊಡ್ಡ ಸಂಸ್ಥೆಯ ಹೆಸರಿನಲ್ಲೇ ಹೀಗಾದರೆ ಇನ್ನುಳಿದವರ ಪಾಡೇನು? ಆದ್ದರಿಂದ ಕಂಪನಿಯ ಕಚೇರಿಗೆ ನೀವೇ ಹೋಗಿ. ಅದೇ ಕಂಪನಿಯ ಅಂಗಡಿ ನಡೆಸುತ್ತಿರುವ ಮೂವರನ್ನಾದರೂ ಕಂಡು ಮಾತನಾಡಿ. ಮುಚ್ಚಿದವರು ಸಿಕ್ಕರೆ ಅವರನ್ನು ತಪ್ಪದೆ ಕಾಣಿ. ಯಾರದೋ ಖಾಸಗಿ ಖಾತೆಗೆ ಹಣ ಕಳುಹಿಸಬೇಡಿ. ಮೋಸವಾಯಿತೆಂದು ತಿಳಿದ ಕೂಡಲೇ, ನಾಚಿಕೆಪಟ್ಟು ಸುಮ್ಮನಿರದೆ, 1930 ಎಂಬ ಸೈಬರ್ ಅಪರಾಧ ಸಹಾಯವಾಣಿಗೆ ಕರೆ ಮಾಡಿ. ತಡವಾದಷ್ಟೂ ಹಣ ಕೈ ದಾಟುತ್ತದೆ.

ಕರಾರು ಪತ್ರವನ್ನು ಪೂರ್ತಿ ಓದಿ. ನಮ್ಮ ದೇಶದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾನೂನು ಇಲ್ಲ. 1872ರ ಕರಾರು ಕಾಯ್ದೆ, 1999ರ ಟ್ರೇಡ್ ಮಾರ್ಕ್ ಕಾಯ್ದೆ ಮುಂತಾದವುಗಳ ಅಡಿಯಲ್ಲೇ ಎಲ್ಲವೂ ನಡೆಯುತ್ತದೆ. ಹೀಗಾಗಿ ನೀವು ಸಹಿ ಹಾಕಿದ ಕಾಗದವೇ ನಿಮಗೆ ಹೆಚ್ಚುಕಡಿಮೆ ಕಾನೂನು. ಸಾಲದ ವ್ಯವಹಾರವನ್ನು ಬರೆದಿಡಬೇಕು, ಸಾಕ್ಷಿ ಇರಬೇಕು ಎಂದು ಪವಿತ್ರ ಕುರ್‌ಆನ್ ಅಲ್ ಬಕರ ಅಧ್ಯಾಯದ 282ನೇ ಸೂಕ್ತದಲ್ಲಿ ವಿವರವಾಗಿ ಬೋಧಿಸುತ್ತದೆ. ಕುರ್‌ಆನಿನ ಅತಿ ದೀರ್ಘ ಸೂಕ್ತ ಅದು. ಆದರೆ ನಾವು ಬಾಯಿಮಾತಿನ ಮೇಲೆ ಲಕ್ಷಗಟ್ಟಲೆ ಕೊಟ್ಟು ಬರುತ್ತೇವೆ.

ಪತ್ರದಲ್ಲಿ ರಾಯಲ್ಟಿ ಎಷ್ಟು, ಯಾವುದರ ಮೇಲೆ ಎಂದು ನೋಡಿ. ಸಾಮಾನ್ಯವಾಗಿ ಅದು ಲಾಭದ ಮೇಲಲ್ಲ, ಮಾರಾಟದ ಮೇಲೆ. ಒಂದು ಉದಾಹರಣೆ ಹೇಳುತ್ತೇನೆ. ದಿನಕ್ಕೆ 10,000 ರೂಪಾಯಿ ವ್ಯಾಪಾರವಾಗಿ, ಬೇರೆ ಖರ್ಚೆಲ್ಲ ಕಳೆದು 800 ರೂಪಾಯಿ ಉಳಿಯಿತು ಎನ್ನಿ. ಶೇಕಡಾ 5 ರಾಯಲ್ಟಿ ಎಂದರೆ 500 ರೂಪಾಯಿ. ನಿಮ್ಮ ಕೈಗೆ 300 ಮಾತ್ರ. ಕರಾರು ಯಾವಾಗ ಮುರಿಯಬಹುದು ಎಂಬುದನ್ನೂ ನೋಡಿ. 2017ರಲ್ಲಿ ಮ್ಯಾಕ್‌ಡೊನಾಲ್ಡ್ಸ್ ಕಂಪನಿಯು ಉತ್ತರ ಮತ್ತು ಪೂರ್ವ ಭಾರತದ 169 ಮಳಿಗೆಗಳ ಫ್ರಾಂಚೈಸಿ ಕರಾರನ್ನು ರದ್ದು ಮಾಡಿತು. ಆ ವ್ಯಾಜ್ಯ ಇತ್ಯರ್ಥವಾದದ್ದು 2019ರಲ್ಲಿ. ದೊಡ್ಡವರು ವಕೀಲರನ್ನಿಟ್ಟು ಕಾದರು. ನಾವು ಎಷ್ಟು ದಿನ ಕಾಯಬಲ್ಲೆವು?

ಎರಡನೆಯದಾಗಿ, ಅಂಗಡಿ ತೆರೆದ ಮೇಲೆ. ಇಲ್ಲಿ ನನ್ನದೇ ಅನುಭವ ಹೇಳಬೇಕು. ತಿನಿಸಿನ ಕಂಪನಿಯೊಂದರ ಫ್ರಾಂಚೈಸಿ ಪಡೆದು ನಾನೂ ಅಂಗಡಿ ಇಟ್ಟವನೇ. ಆರಂಭದಲ್ಲಿ ಕಂಪನಿ ಕಳುಹಿಸಿದ ಹೊಳೆಯುವ ಫೋಟೋವನ್ನೇ ಹಾಕಿ, ಹಣ ಕೊಟ್ಟು ಬೆಂಗಳೂರಿನವರೆಗೂ ಜಾಹೀರಾತು ಹರಡಿಸಿದೆ. ಲೈಕುಗಳು ರಾಶಿ ಬಿದ್ದವು. ಆದರೆ ಯಲಹಂಕದಿಂದ ಲೈಕ್ ಕೊಟ್ಟವರು ತಿನ್ನಲು ಇಲ್ಲಿಗೆ ಬರುತ್ತಾರೆಯೇ? ಒಂದು ಸಂಜೆ ಒಬ್ಬ ಹೆಣ್ಣುಮಗಳು ಮಕ್ಕಳೊಂದಿಗೆ ಬಂದು, ಮೊಬೈಲನ್ನು ಒಂದು ಕೈಯಲ್ಲಿ, ತಟ್ಟೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು, "ಏನು ಭಾಯ್, ಫೋಟೋದಲ್ಲಿ ಇಷ್ಟಿದೆ, ತಟ್ಟೆಯಲ್ಲಿ ಇಷ್ಟೇನಾ?" ಎಂದು ಕೇಳಿದರು. ನಾನು ಉತ್ತರಿಸಲಾರದೆ ಹೋದೆ. ಒಣ ಧಾನ್ಯವನ್ನು ಮೇಲಿಟ್ಟವನು ನಾನೇ ಆಗಿದ್ದೆ.

ಮರುದಿನ ನಮ್ಮದೇ ತಟ್ಟೆಯ ಫೋಟೋವನ್ನು, ಬೆಲೆ ಬರೆದು, ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದೆ. ಅದಕ್ಕೆ ಕಂಪನಿಯವರು ಆಕ್ಷೇಪಿಸಿದರು. ಗುರುತು ಅವರದು, ಅನುಮತಿಯಿಲ್ಲದೆ ಬಳಸುವಂತಿಲ್ಲ ಎಂದು ಕರಾರಿನಲ್ಲೇ ಇತ್ತು. ನಾನು ಓದಿರಲಿಲ್ಲ. ಪತ್ರ ಬರೆದು ಅನುಮತಿ ಪಡೆದುಕೊಂಡೆ. ಅಂದಿನಿಂದ ಹೊಗಳಿಕೆ ನಿಲ್ಲಿಸಿ, ಗಿರಾಕಿಗೆ ಬೇಕಾದ ಮಾತನ್ನಷ್ಟೇ ಹಾಕತೊಡಗಿದೆ. ಇಂದು ಏನು ತಯಾರಾಗಿದೆ, ಎಷ್ಟಕ್ಕೆ, ಎಷ್ಟು ಗಂಟೆಯವರೆಗೆ. ಖಾಲಿಯಾದರೆ ಖಾಲಿ ಎಂದೂ ಹಾಕಿದೆ. ವ್ಯಾಪಾರ ನಿಧಾನವಾಗಿ ಬಂತು, ಆದರೆ ಬಂದವರು ಮತ್ತೆ ಬಂದರು.

ಆ ಅನುಭವದಿಂದ ಕೆಲವು ಸೂಚನೆಗಳು. ಗೂಗಲ್ ನಕ್ಷೆಯಲ್ಲಿ ನಿಮ್ಮ ಅಂಗಡಿಯನ್ನು ಸರಿಯಾದ ಜಾಗ, ಸಮಯ, ಫೋನ್ ಸಂಖ್ಯೆಯೊಂದಿಗೆ ನೋಂದಾಯಿಸಿ. ಇದಕ್ಕೆ ಶುಲ್ಕವಿಲ್ಲ. ಶುಕ್ರವಾರ ಜುಮಾ ನಮಾಜಿಗೆ ಬಾಗಿಲು ಹಾಕುವುದಾದರೆ ಅದನ್ನೂ ನಮೂದಿಸಿ. ದೂರದಿಂದ ಬಂದವರು ಮುಚ್ಚಿದ ಬಾಗಿಲು ನೋಡಿ ಹೋಗಬಾರದು. 2018ರಲ್ಲಿ ಬಂದ ವಾಟ್ಸಾಪ್ ಬಿಸಿನೆಸ್‌ನಲ್ಲಿ ಪದಾರ್ಥಗಳ ಪಟ್ಟಿಯನ್ನು ಬೆಲೆಯೊಂದಿಗೆ ಇಡಬಹುದು. ಹಣ ಕೊಟ್ಟು ಜಾಹೀರಾತು ಹಾಕುವುದಾದರೆ ನಿಮ್ಮ ಗಿರಾಕಿ ನಿಜವಾಗಿ ಬರಬಲ್ಲಷ್ಟು ದೂರಕ್ಕೆ ಮಾತ್ರ ಸೀಮಿತಗೊಳಿಸಿ. ನಮ್ಮ ಶಿಡ್ಲಘಟ್ಟ, ಚಿಂತಾಮಣಿ ಕಡೆ ಕನ್ನಡ, ತೆಲುಗು, ಉರ್ದು ಮೂರೂ ಬೆರೆತಿವೆ. ಕಂಪನಿಯ ಇಂಗ್ಲಿಷ್ ವಾಕ್ಯಕ್ಕಿಂತ ನಿಮ್ಮ ಬಾಯಿಯ ಎರಡು ಮಾತು ಹೆಚ್ಚು ದೂರ ಹೋಗುತ್ತದೆ. ಕೇಳದವರಿಗೆ ದಿನವೂ ಸಂದೇಶ ಕಳುಹಿಸಬೇಡಿ. ಅಂಗಡಿಗೆ ಬಂದ ಹೆಣ್ಣುಮಕ್ಕಳ, ಮಕ್ಕಳ ಫೋಟೋವನ್ನು ಅನುಮತಿಯಿಲ್ಲದೆ ಎಂದೂ ಹಾಕಬೇಡಿ.

ಸ್ನೇಹಿತರಿಂದ ಸುಳ್ಳು ಹೊಗಳಿಕೆ ಬರೆಸುವುದು, ಪಕ್ಕದ ಅಂಗಡಿಯ ಮೇಲೆ ಕೆಟ್ಟದಾಗಿ ಬರೆಸುವುದು ಸುಳ್ಳು ಸಾಕ್ಷಿಗೆ ಸಮಾನ. ಆನ್‌ಲೈನ್ ವಿಮರ್ಶೆಗಳಿಗೆಂದೇ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 19000 ಎಂಬ ಮಾನದಂಡ ತಂದಿದೆ. ಹಣ ಪಡೆದು ಪ್ರಚಾರ ಮಾಡುವವರು ಅದನ್ನು ಬಹಿರಂಗಪಡಿಸಬೇಕೆಂದು ಅದೇ ವರ್ಷ ಕೇಂದ್ರ ಸರ್ಕಾರದ ಮಾರ್ಗಸೂಚಿಯೂ ಬಂದಿದೆ. ತಕ್ಕಡಿಯಲ್ಲಿ ಮೋಸ ಮಾಡುವವರನ್ನು ಕುರ್‌ಆನ್ ಒಂದು ಇಡೀ ಅಧ್ಯಾಯದ ಹೆಸರಿನಲ್ಲೇ ಎಚ್ಚರಿಸಿದೆ. ಇಂದು ನಕ್ಷತ್ರಗಳ ಎಣಿಕೆಯೂ ಒಂದು ತಕ್ಕಡಿಯೇ.

ಮೂರನೆಯದಾಗಿ, ಹೆಸರಿಗೆ ಪೆಟ್ಟು ಬಿದ್ದಾಗ. ಜಾಲತಾಣವು ಹೆಸರನ್ನು ಎತ್ತಲೂ ಬಲ್ಲದು, ಕೆಡಹಲೂ ಬಲ್ಲದು. 2023ರ ಏಪ್ರಿಲ್‌ನಲ್ಲಿ ಅಮುಲ್ ಬೆಂಗಳೂರಿನಲ್ಲಿ ಹಾಲು, ಮೊಸರು ಮಾರುವುದಾಗಿ ಟ್ವಿಟ್ಟರ್‌ನಲ್ಲಿ ಪ್ರಕಟಿಸಿದಾಗ, ನಂದಿನಿಯನ್ನು ಉಳಿಸಿ ಎಂಬ ಕೂಗು ಅದೇ ಜಾಲತಾಣದಲ್ಲಿ ಎದ್ದಿತು. ಬೀದಿ ಬದಿಯ ನಂದಿನಿ ಪಾರ್ಲರಿನವರು ಅದಕ್ಕಾಗಿ ಒಂದು ರೂಪಾಯಿ ಖರ್ಚು ಮಾಡಿರಲಿಲ್ಲ. ಬೆಳಿಗ್ಗೆ ಬೆಳಿಗ್ಗೆ ಹಾಲು ತಪ್ಪದೆ ಸಿಕ್ಕಿದ್ದರ ಋಣವನ್ನು ಜನರು ತೀರಿಸಿದರು.

ಇನ್ನೊಂದು ಉದಾಹರಣೆ ಫ್ರಾಂಚೈಸಿಯದಲ್ಲ, ಆದರೆ ನಮಗೆ ಬೇಕಾದ ಪಾಠ ಅದರಲ್ಲಿದೆ. ವಯನಾಡಿನ ಕೂಲಿಕಾರರೊಬ್ಬರ ಮಗ, ಆರನೇ ತರಗತಿಯಲ್ಲಿ ನಪಾಸಾಗಿದ್ದ ಪಿ.ಸಿ. ಮುಸ್ತಫಾರವರು ಮುಂದೆ ಎಂಜಿನಿಯರಿಂಗ್ ಓದಿ, 2005ರಲ್ಲಿ ಸೋದರ ಸಂಬಂಧಿಗಳೊಂದಿಗೆ ಬೆಂಗಳೂರಿನಲ್ಲಿ ಒಂದು ಪುಟ್ಟ ಕೋಣೆಯಲ್ಲಿ ಇಡ್ಲಿ ದೋಸೆ ಹಿಟ್ಟಿನ 'ಐಡಿ ಫ್ರೆಶ್' ಆರಂಭಿಸಿದರು. 2021ರ ಸೆಪ್ಟೆಂಬರ್‌ನಲ್ಲಿ ಆ ಹಿಟ್ಟಿಗೆ ದನದ ಮೂಳೆ ಬೆರೆಸುತ್ತಾರೆಂಬ ಸುಳ್ಳು ಸಂದೇಶ ವಾಟ್ಸಾಪ್‌ನಲ್ಲಿ ಹಬ್ಬಿತು. ಮಾಲೀಕರ ಧರ್ಮವೇ ಅದರ ಗುರಿಯಾಗಿತ್ತು. ಅವರು ಬೈಗುಳಕ್ಕೆ ಬೈಗುಳ ಕೊಡಲಿಲ್ಲ. ಸಸ್ಯಾಹಾರಿ ಪದಾರ್ಥಗಳನ್ನು ಮಾತ್ರ ಬಳಸುತ್ತೇವೆ ಎಂದು ಬಹಿರಂಗ ಹೇಳಿಕೆ ಕೊಟ್ಟರು. ಕಾರ್ಖಾನೆಯೊಳಗಿನ ಕೆಲಸವನ್ನು ನೇರ ಪ್ರಸಾರದಲ್ಲಿ ತೋರಿಸುವ ಕೆಲಸವನ್ನೂ ಆ ಸಂಸ್ಥೆ ಮಾಡಿತು. ರಾಶಿಯೊಳಗೆ ಕೈ ಹಾಕಿ ನೋಡಿ ಎಂದು ತಾವೇ ಕರೆದಂತೆ. ಅಡಗಿಸಲು ಏನೂ ಇಲ್ಲದವನಿಗೆ ಮಾತ್ರ ಆ ಧೈರ್ಯ ಬರುತ್ತದೆ. ಇಂಥದ್ದು ನಿಮ್ಮ ಅಂಗಡಿಗೂ ಆಗಬಹುದು. ಆಗ ಸಂದೇಶವನ್ನು ಉಳಿಸಿಕೊಳ್ಳಿ, ಕಂಪನಿಗೆ ಮತ್ತು ಪೊಲೀಸರಿಗೆ ತಿಳಿಸಿ, ಅಡುಗೆಮನೆಯ ಬಾಗಿಲು ತೆರೆದು ತೋರಿಸಿ. ಸುದ್ದಿ ಬಂದರೆ ಮೊದಲು ಪರಿಶೀಲಿಸಿ ಎಂದು ಅಲ್ ಹುಜುರಾತ್ ಅಧ್ಯಾಯ ಹೇಳುತ್ತದೆ. ಬೇರೆಯವರ ಅಂಗಡಿಯ ಬಗ್ಗೆ ಬಂದ ಸಂದೇಶವನ್ನು ಮುಂದಕ್ಕೆ ತಳ್ಳುವಾಗಲೂ ಅದನ್ನು ನೆನಪಿಡಿ.

ಕೊನೆಯದಾಗಿ ಒಂದು ಎಚ್ಚರಿಕೆ. ಹೆಸರು ಕಂಪನಿಯದು, ಜಾಲತಾಣವೂ ಬೇರೆಯವರದು. 2020ರ ಜೂನ್ ಕೊನೆಯಲ್ಲಿ ಕೇಂದ್ರ ಸರ್ಕಾರ ಟಿಕ್‌ಟಾಕ್ ನಿಷೇಧಿಸಿದಾಗ, ಅದನ್ನೇ ನಂಬಿದ್ದವರ ವರ್ಷಗಳ ದುಡಿಮೆ ಒಂದೇ ರಾತ್ರಿಯಲ್ಲಿ ಹೋಯಿತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಮೂರೂ ಸುಮಾರು 6 ಗಂಟೆ ಕಾಲ ನಿಂತುಹೋದವು. ಆದ್ದರಿಂದ ಗಿರಾಕಿಗಳ ಹೆಸರು, ಫೋನ್ ಸಂಖ್ಯೆಯನ್ನು ಅವರ ಒಪ್ಪಿಗೆಯಿಂದ ಒಂದು ಪುಸ್ತಕದಲ್ಲಿ ಬರೆದಿಡಿ. ಕರಾರು ಮುಗಿಯಬಹುದು, ಫಲಕ ಇಳಿಸಬೇಕಾಗಿ ಬರಬಹುದು. "ಅವನ ಅಂಗಡಿಯಲ್ಲಿ ಮೋಸವಿಲ್ಲ" ಎಂಬ ಮಾತು ಮಾತ್ರ ನಿಮ್ಮ ಸ್ವಂತ ಆಸ್ತಿ. ಅದನ್ನು ಯಾವ ಕಂಪನಿಯೂ ಬಾಡಿಗೆಗೆ ಕೊಡಲಾರದು, ಹಿಂದಕ್ಕೆ ಪಡೆಯಲೂ ಆಗದು.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ವಾಣಿಜ್ಯ ಓದುವವರು, ಕಾನೂನು ಓದುವವರು ಇದ್ದೀರಿ. ಇನ್ನು ಮುಂದೆ ನಿಮ್ಮ ಮೊಹಲ್ಲಾದಲ್ಲಿ ಯಾರಾದರೂ ಕರಾರಿಗೆ ಸಹಿ ಹಾಕುವ ಮುನ್ನ, ಅದನ್ನು ಓದಿ ಅವರ ಭಾಷೆಯಲ್ಲಿ ವಿವರಿಸಿ ಹೇಳಿ. ಅಂಗಡಿ ಇಟ್ಟ ಚಾಚಾನಿಗೆ ಫೋಟೋ ತೆಗೆಯುವುದನ್ನು, ಬೆಲೆಪಟ್ಟಿ ಹಾಕುವುದನ್ನು ಕಲಿಸಿ. ಸಂಘವು ನಿಮಗೆ ಕೊಟ್ಟ ವಿದ್ಯಾರ್ಥಿವೇತನದ ಋಣ ಹೀಗೂ ತೀರುತ್ತದೆ.

 ಅಲ್ಲಾಹನು ನಮ್ಮ ದುಡಿಮೆಯನ್ನು ಹಲಾಲ್ ಆಗಿರಿಸಲಿ, ಅದರಲ್ಲಿ ಬರ್ಕತ್ ನೀಡಲಿ. ಆಮೀನ್. ಅಸ್ಸಲಾಮು ಅಲೈಕುಂ. ಜೈ ಹಿಂದ್, ಜೈ ಕರ್ನಾಟಕ.