ಕೊಳಗ ಹಿಡಿದು ನೋಡಿ
(ನಿಟ್ಟೂರಿನಲ್ಲಿ ದಯಪಾಲಿಸಿದ ಆಶೀರ್ವಚನ)



ಬಡಮಕ್ಕಳ ವಿದ್ಯಾಭ್ಯಾಸಕ್ಕೆ ಧನಸಂಗ್ರಹ ಮಾಡಲು ಈ ಊರಿನ ತರುಣರು ಒಂದು ಪ್ರದರ್ಶನ ಏರ್ಪಡಿಸಬಯಸಿದ್ದಾರೆ. ಬಂದವರು ದೂರದಿಂದ ನೋಡಿ ಹೋಗಬಾರದು, ಬಡತನದ ಒಳಹೊಕ್ಕು ಹೊರಬರಬೇಕು ಎಂಬುದು ಅವರ ಅಪೇಕ್ಷೆ. ಬಹಳ ಸಂತೋಷ.

ದರ್ಶನವೆಂದರೆ ನೋಡುವುದು, ಪ್ರದರ್ಶನವೆಂದರೆ ನೋಡುವಂತೆ ಮಾಡುವುದು. ಧಾತು ಒಂದೇ, ಆದರೆ ಎರಡನೆಯದರಲ್ಲಿ ಪ್ರೇರಕನೊಬ್ಬ ಬಂದು ನಿಂತಿದ್ದಾನೆ. ವ್ಯಾಕರಣ ಓದಿದವರ ಬಾಯಿಗೆ ಇಂಥದು ಬಾರದೆ ಇರದು, ಇರಲಿ. ತೋರಿಸುವವನ ಹೊಣೆ ದೊಡ್ಡದು. ಹರಕು ಸೀರೆಯ ಮುದುಕಿಯೊಬ್ಬಳನ್ನು ಗುಡಿಸಲ ಮುಂದೆ ಕೂಡಿಸಿ ಟಿಕೀಟು ಮಾರಿದರೆ ಹಣ ಬಂದೀತು. ಆ ತಾಯಿಯ ಮಾನ ಹೋದೀತು.

ಅಮೆರಿಕದ ಜಾರ್ಜಿಯಾ ರಾಜ್ಯದ ಅಮೆರಿಕಸ್ ಎಂಬ ಪಟ್ಟಣದಲ್ಲಿ, ಬಡವರಿಗೆ ಮನೆ ಕಟ್ಟಿಸುವ ಹ್ಯಾಬಿಟಾಟ್ ಫಾರ್ ಹ್ಯುಮಾನಿಟಿ ಸಂಸ್ಥೆಯವರು 2003ರಲ್ಲಿ ಇಂಥದೊಂದನ್ನು ತೆರೆದರು. ಬಂದವರು ಮೊದಲು ಕೊಳೆಗೇರಿಯ ಗುಡಿಸಲುಗಳ ನಡುವೆ ನಡೆಯಬೇಕಿತ್ತು, ಆಮೇಲೆ ಸಂಸ್ಥೆ ನಾನಾ ದೇಶಗಳಲ್ಲಿ ಕಟ್ಟುವ ಮನೆಗಳನ್ನು ಹೊಕ್ಕು ನೋಡಬೇಕಿತ್ತು. ಕ್ರಮವೇನೋ ಚೆನ್ನಾಗಿದೆ. ಆದರೆ ಗುಡಿಸಲಿನಲ್ಲಿ ಬಡತನ ಕಾಣುತ್ತದೆ, ಅದು ಹುಟ್ಟಿದ ಬಗೆ ಕಾಣುವುದಿಲ್ಲ. ನಮ್ಮ ಮಲೆನಾಡಿನಲ್ಲಿ ಅದನ್ನು ತೋರಿಸಲು ಒಂದು ಕೊಳಗ ಸಾಕು.

ಸಾಗರ ಸೀಮೆಯ ಕಾಗೋಡಿನಲ್ಲಿ 1951ರಲ್ಲಿ ಸತ್ಯಾಗ್ರಹ ನಡೆಯಿತಲ್ಲ, ಅದರ ಮೂಲದಲ್ಲಿದ್ದದ್ದು ಈ ಕೊಳಗವೇ. ಗೇಣಿ ಅಳೆಯುವ ಕೊಳಗ ಪ್ರಮಾಣದ ಕೊಳಗಕ್ಕಿಂತ ದೊಡ್ಡದಿತ್ತು. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು. ಜೂನ್ ತಿಂಗಳಲ್ಲಿ ಡಾ. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಒಡೆಯರಲ್ಲಿ ನಮ್ಮ ಸಮಾಜದವರೂ ಇದ್ದರು, ಗೇಣಿದಾರರು ಬಹುಪಾಲು ದೀವರು. ಮಠದ ವೇದಿಕೆಯಿಂದ ಈ ಮಾತು ಏಕೆ ಎಂದು ಕೆಲವರಿಗೆ ಅನ್ನಿಸಬಹುದು. ಕಾಯಕ, ದಾಸೋಹ ಎನ್ನುವ ನಾವು ಹೇಳದೆ ಇನ್ನಾರು ಹೇಳಬೇಕು? 1974ರಲ್ಲಿ ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ಜಾರಿಗೆ ಬಂದು ಗೇಣಿ ಹೋಯಿತು. ಅಂದಿನ ಹಸಿವನ್ನು ಬಲ್ಲ ಮನೆಗಳು ಇಲ್ಲೇ ಇವೆ.

ಆದ್ದರಿಂದ ನಮ್ಮ ಸಲಹೆ ಇದು. ಹುಲ್ಲುಮಾಡಿನ ಗುಡಿಸಲು ಕಟ್ಟಿ, ಆಷಾಢದ ಮಳೆಯಂತೆ ಒಂದು ಮೂಲೆಯಲ್ಲಿ ಸೋರಲಿ. ಅಂಗಳದಲ್ಲಿ ಭತ್ತದ ರಾಶಿ ಇರಲಿ. ಬಂದವನ ಕೈಗೇ ಕೊಳಗ ಕೊಟ್ಟು 20 ಕೊಳಗ, ಅಂದರೆ ಒಂದು ಖಂಡುಗ ಗೇಣಿ ಅಳೆಯಲು ಹೇಳಿ. ಸರಿಯಾದ ಕೊಳಗದಲ್ಲಿ ಅಳೆದಾಗ ಅವನ ಮನೆಗೆಂದು ಒಂದಿಷ್ಟು ಉಳಿಯಬೇಕು. ಅದೇ ರಾಶಿಯನ್ನು ಮತ್ತೆ ಕೂಡಿಸಿ ದೊಡ್ಡ ಕೊಳಗ ಕೊಡಿ. ಎಣಿಕೆ ಅದೇ 20, ಅಂಗಳ ಬರಿದು. ಆಗ ಒಳಗಿನಿಂದ ಕೂಸು ಅಳುವ ಸದ್ದು ಕೇಳಿಸಬೇಕೆಂದು ತರುಣರ ಯೋಜನೆ. ಅದು ನಾಟಕವಾದೀತು, ಬೇಡ. ಬರಿದಾದ ಅಂಗಳದ ಎದುರು ಅವನು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಲಿ.

ವಿವರಿಸುವ ಕೆಲಸವನ್ನು ಗೇಣಿ ಅಳೆದ ಮನೆತನದ ಹಿರಿಯರಿಗೇ ಒಪ್ಪಿಸಿ, ಅವರ ದಿನಗೂಲಿಯನ್ನು ಮೊದಲೇ ತೆಗೆದಿಡಿ. ಅವರು ಕುರ್ಚಿಯ ಮೇಲೆ ಕೂತು ಹೇಳಲಿ, ನೋಡುಗರು ನಿಂತು ಕೇಳಲಿ.

ನಿಮ್ಮ ಅಟ್ಟಗಳ ಮೇಲೆ ಹಳೆಯ ಕೊಳಗಗಳಿದ್ದರೆ ತಂದುಕೊಡಿ. ಎರಡೂ ಬಗೆಯವು ಬೇಕು. ದೊಡ್ಡದು ಯಾರ ಮನೆಯಿಂದ ಬಂತೆಂದು ಯಾರೂ ಕೇಳುವುದಿಲ್ಲ.